ಇನ್ನೂರರ ಟಾಂಕಿಗೆ ನೂರ ಎಂಬತ್ತಮೂರು

ಜುಲೈ 28, 2025, ಸೋಮವಾರ
ಮಂಜೇಶ್ವರ

ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಮುಗಿಯಲು ಇನ್ನು ಮೂರೇ ದಿನ. 52 ದಿನ ಸುಮ್ಮನಿದ್ದ ಬೋಟುಗಳಿಗೆಲ್ಲ ಈಗ ಒಟ್ಟಿಗೇ ಅವಸರ. ಸಂಜೆ ತಂಡೇಲರು, ಅಂದರೆ ಬೋಟು ನಡೆಸುವವರು, ಹೊಸ ಡೀಸೆಲ್ ಟಾಂಕಿ ತೋರಿಸಿ ಕೇಳಿದರು: "ವೆಲ್ಡಿಂಗಿನವ ಇನ್ನೂರು ಲೀಟರ್ ಹಿಡೀತದೆ ಅಂದಿದ್ದಾನೆ. ಇನ್ನೂರೂ ಹೊಯ್ಯಬಹುದಲ್ಲ?"

"ಬೇಡ ಅಣ್ಣ, ಮೊದಲು ಅಳತೆ ಮಾಡುವ" ಎಂದೆ.

ಹೊರಗಿನಿಂದ 100 ಸೆಂಟಿಮೀಟರ್ ಉದ್ದ, 50 ಅಗಲ, 40 ಎತ್ತರ. ಗುಣಿಸಿ ಸಾವಿರದಿಂದ ಭಾಗಿಸಿದರೆ 200 ಬರುತ್ತದೆ, ನಿಜ. ಆದರೆ ತಗಡು 3 ಮಿಲಿಮೀಟರ್ ದಪ್ಪ. ಎರಡೂ ಕಡೆಯ ದಪ್ಪ ಕಳೆದರೆ ಒಳಗೆ ಉಳಿಯುವುದು 99.4, 49.4, 39.4. ಅಂದರೆ 193 ಲೀಟರಿಗೆ ಸ್ವಲ್ಪ ಮೇಲೆ. ಡೀಸೆಲ್ ಕುಲುಕಾಡದಂತೆ ನಡುವೆ ಹಾಕಿದ ಅಡ್ಡತಗಡಿಗೆ ಇನ್ನೊಂದು ಲೀಟರ್ ಕಳೆಯಬೇಕು. ಅದರಲ್ಲಿ ನೂರಕ್ಕೆ 5 ಖಾಲಿ ಬಿಟ್ಟರೆ 183. ಕೆಂಪು ಬಣ್ಣದಲ್ಲಿ ಟಾಂಕಿಯ ಮೇಲೆ ಬರೆಯಬೇಕಾದ್ದು ಈ ಅಂಕಿಯನ್ನು.

"ಖಾಲಿ ಎಂತಕ್ಕೆ ಬಿಡುವುದು?" ಎಂದು ಕೇಳಿದರು. ಬಂಕಿನ ಡೀಸೆಲ್ ನೆಲದಡಿಯಿಂದ ತಣ್ಣಗೆ ಬರುತ್ತದೆ. ಇಂಜಿನ್ನಿನ ಪಕ್ಕದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ 15 ಡಿಗ್ರಿ ಏರಿತು ಎಂದುಕೊಳ್ಳಿ, 183 ಲೀಟರ್ ಡೀಸೆಲ್ 2 ಲೀಟರಿಗಿಂತ ಸ್ವಲ್ಪ ಹೆಚ್ಚೇ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅದು ಗಾಳಿಕೊಳವೆಯಿಂದ ಹೊರಗೆ ಬೀಳುತ್ತದೆ. ಬೋಟಿನ ಬದಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿದ್ದು ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಪೆಟ್ರೋಲ್ ಇದಕ್ಕಿಂತಲೂ ಹೆಚ್ಚು ಹಿಗ್ಗುತ್ತದೆ, ಅದರ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಸಿಕ್ಕಿಸುವ ಇಂಜಿನ್) ಇಟ್ಟುಕೊಂಡವರು ಎತ್ತಿ ಒಯ್ಯುವ ಬಿಡಿ ಟಾಂಕಿಯನ್ನು ಕೆಳಗಿಳಿಸಿ, ನೆಲದ ಮೇಲಿಟ್ಟೇ ತುಂಬಿಸಬೇಕು. ದೋಣಿಯೊಳಗೆ ತುಂಬಿಸುವುದು ಬೇಡವೇ ಬೇಡ.

ಬೋಟು ಸಮವಾಗಿ ನಿಂತಿದ್ದರೆ 183ರಲ್ಲಿ ಡೀಸೆಲಿನ ಮಟ್ಟ ಮುಚ್ಚಳದ ತಗಡಿಗಿಂತ 2 ಸೆಂಟಿಮೀಟರ್ ಕೆಳಗಿರುತ್ತದೆ. ಮರಳಿಗೆ ತಾಗಿ ಮುಂಭಾಗ 5 ಡಿಗ್ರಿ ಎದ್ದಿತೋ, ಈ ಒಂದು ಮೀಟರ್ ಟಾಂಕಿಯ ಹಿಂದಿನ ತುದಿಗೆ ಮಟ್ಟ 4 ಸೆಂಟಿಮೀಟರ್ ಏರಬೇಕು. ಅಲ್ಲಿ 2ರ ಜಾಗ ಮಾತ್ರ ಉಂಟು. ಗಾಳಿಕೊಳವೆ ಆ ತುದಿಯಲ್ಲೇ ಇದ್ದರೆ ಡೀಸೆಲ್ ಅದಕ್ಕೇ ನುಗ್ಗುತ್ತದೆ. ವಾಲಿ ನಿಲ್ಲುವ ಬೋಟಿಗೆ ನೂರಕ್ಕೆ 10 ಖಾಲಿ ಬಿಡಬೇಕು, ಅಂದರೆ 173.

ಅಳತೆ ಕೋಲೂ ಇದೇ ರೀತಿ ಮೋಸ ಮಾಡುತ್ತದೆ. ಅರ್ಧ ತುಂಬಿದ ಟಾಂಕಿಗೆ ಕೋಲನ್ನು ಹಿಂದಿನ ತುದಿಯಲ್ಲಿ ಇಳಿಸಿದರೆ, ಅಷ್ಟೇ ವಾಲಿಕೆಗೆ 21 ಲೀಟರ್ ಹೆಚ್ಚು ತೋರಿಸುತ್ತದೆ. ಕೋಲಿನ ತೂತು ಟಾಂಕಿಯ ನಟ್ಟನಡುವೆ ಇರಲಿ. ಗುರುತು ಹಾಕುವಾಗ ಬೋಟು ನೀರಿನಲ್ಲಿರಬೇಕು; 20 ಲೀಟರ್ ಕ್ಯಾನಿನಿಂದ ಒಂದೊಂದೇ ಹೊಯ್ದು, ಕೋಲಿಗೆ ಕಚ್ಚು ಹಾಕಬೇಕು. ಈ ಟಾಂಕಿಗೆ ಕಚ್ಚುಗಳು ಸುಮಾರು 4 ಸೆಂಟಿಮೀಟರಿಗೊಂದು ಬರುತ್ತವೆ. ಉರುಟು ಡ್ರಮ್ಮನ್ನು ಮಲಗಿಸಿದ್ದರೆ ಸಮ ಅಂತರ ನಂಬಬೇಡಿ. ಎತ್ತರದ ಕಾಲು ಭಾಗದವರೆಗೆ ತುಂಬಿದಾಗ ಒಟ್ಟಿನ ನೂರಕ್ಕೆ 20 ಭಾಗವೂ ಇರುವುದಿಲ್ಲ.

ತಳದ ಎರಡೂವರೆ ಸೆಂಟಿಮೀಟರ್ ಇಂಜಿನ್ನಿಗೆ ಸಿಗದು, ಹೀರುವ ಪೈಪು ಅಲ್ಲಿಗೆ ಇಳಿಯಬಾರದು ಕೂಡ. ನೀರು, ತುಕ್ಕು, ಕೆಸರು ಕೂರುವ ಜಾಗ ಅದು. ಹೀಗೆ 12 ಲೀಟರ್ ಹೋಯಿತು, ಉಳಿದದ್ದು 171. ಮೂರು ಪಾಲು ಮಾಡಿ: ಹೋಗಲು 57, ಬರಲು 57, ಆಪತ್ತಿಗೆ 57. ಗಂಟೆಗೆ 8 ಲೀಟರ್ ಕುಡಿಯುವ ಇಂಜಿನ್ನಿಗೆ ಮೊದಲ ಪಾಲು 7 ಗಂಟೆಗೆ ಸಾಕು, ಬಲೆ ಎಳೆಯುವ ಹೊತ್ತೂ ಅದರೊಳಗೇ. ಆಗಸ್ಟಿನ ತೆರೆಗೆ ಎದುರಾಗಿ ಅಳಿವೆ (ಹೊಳೆ ಸಮುದ್ರ ಸೇರುವ ಬಾಯಿ) ಹೊಗುವಾಗ ಇಂಜಿನ್ ನಿಂತರೆ ಆಗುವುದು ಎಂತದು ಎಂದು ತಂಡೇಲರಿಗೆ ಹೇಳಿಕೊಡಬೇಕಾದ್ದಿಲ್ಲ. ಅವರೇ ಸುಮ್ಮನಾದರು.

ತಗಡಿಗೆ ಒಳಗೆ ಸತು ಬಳಿದಿಲ್ಲ, ಒಳ್ಳೆಯದಾಯಿತು. ಸತುವಿಗೂ ಡೀಸೆಲಿಗೂ ಆಗದು, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಗಾಳಿಕೊಳವೆಯ ಬಾಯಿ ಬಗ್ಗಿಸಿದ್ದಾರೆ, ಸರಿ. ಆದರೆ ಜಾಲರಿ ಮಾತ್ರ ಹಳೆಯ ಟಾಂಕಿಯದು. ಕಣ್ಣುಗಳಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿದೆ, ಉಗುರಿನಿಂದ ಕೆರೆದರೂ ಬಿಡಲಿಲ್ಲ. ಗಾಳಿ ಒಳಗೆ ಹೋಗದಿದ್ದರೆ ಪಂಪು ಎಳೆದೆಳೆದು ಟಾಂಕಿಯೇ ಒಳಕ್ಕೆ ಕುಗ್ಗಬಹುದು. ನಾಳೆ ಬೆಳಿಗ್ಗೆ ಹೊಸ ಜಾಲರಿ ತರಬೇಕು, ತುಂಬಿಸುವುದು ಆಮೇಲೆ. ಮತ್ತೆ ಆ ಹಳೆ ಟಾಂಕಿಯ ತಳದಲ್ಲಿ ಉಳಿದ ಡೀಸೆಲನ್ನು ಇದಕ್ಕೇ ಸುರಿಯುವ ಯೋಚನೆ ಇದ್ದಂತಿತ್ತು, ಅದನ್ನು ತಡೆಯಬೇಕು.