‘ಊಟ ಆಯ್ತಾ’ ಅಂತ ಕೇಳಬೇಡಿ

ಆಪರೇಷನ್ ದಿನ ಬೆಳಿಗ್ಗೆ ವಾರ್ಡಿನಲ್ಲಿ ನರ್ಸುಗಳಾದ ನಾವು ರೋಗಿಯನ್ನು ‘ಊಟ ಮಾಡಿದ್ರಾ?’ ಅಂತ ಕೇಳಿದರೆ ‘ಇಲ್ಲ ಕಣವ್ವ, ಏನೂ ಉಂಡಿಲ್ಲ’ ಅನ್ನುತ್ತಾರೆ. ಸುಳ್ಳಲ್ಲ ಅದು. ಮಂಡ್ಯದ ಕಡೆ ಊಟ ಅಂದರೆ ಮುದ್ದೆ, ಅನ್ನ. ಇಡ್ಲಿ ತಿಂಡಿ. ಕಾಫಿ ಊಟವೂ ಅಲ್ಲ, ತಿಂಡಿಯೂ ಅಲ್ಲ, ಮುಖ ತೊಳೆದ ಮೇಲೆ ಗಂಟಲಿಗೆ ಬಿಡುವಂಥದ್ದು. ಬಿಸ್ಕತ್ತಂತೂ ಲೆಕ್ಕಕ್ಕೇ ಇಲ್ಲ. ಆರು ಗಂಟೆಗೆ ಕ್ಯಾಂಟೀನ್ ಕಾಫಿಗೆ ನಾಲ್ಕು ಬಿಸ್ಕತ್ತು ಅದ್ದಿ ತಿಂದವರೂ ‘ಉಂಡಿಲ್ಲ’ ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಹಾಗಾಗಿ ‘ಕೊನೇ ಸಲ ಬಾಯಿಗೆ ಏನು ಹಾಕ್ಕೊಂಡ್ರಿ, ಎಷ್ಟು ಗಂಟೆಗೆ?’ ಅಂತ ಕೇಳಬೇಕು. ಆಮೇಲೆ ಕಾಫಿ, ಮಜ್ಜಿಗೆ, ಎಲೆಅಡಿಕೆ ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಮಕ್ಕಳಾದರೆ ಅಜ್ಜಿಯನ್ನು ಪಕ್ಕಕ್ಕೆ ಕರೆದು ಕೇಳಿ. ಮಗು ಅತ್ತಿತು ಅಂತ ಅರ್ಧ ಬನ್ನು ಕೊಟ್ಟಿರುವುದು ಅವರೇ.

ಇಷ್ಟು ಪಟ್ಟು ಯಾಕೆಂದರೆ, ಪೂರ್ತಿ ಮತ್ತು ಬರುವ ಅರಿವಳಿಕೆ ಮದ್ದು ಕೊಟ್ಟಾಗ ಕೆಮ್ಮುವ, ನುಂಗುವ ಶಕ್ತಿ ನಿಂತುಹೋಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿದು, ಜಠರದ ಆಮ್ಲ ಅಲ್ಲಿ ಸುಡುತ್ತದೆ. ಹೆರಿಗೆಯ ಹೆಂಗಸರಲ್ಲಿ ಇದನ್ನು ಕರ್ಟಿಸ್ ಮೆಂಡೆಲ್ಸನ್ ಎಂಬ ಅಮೆರಿಕದ ವೈದ್ಯ 1946ರಲ್ಲೇ ವಿವರಿಸಿದ. ಅರಿವಳಿಕೆಗೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕು ಎಂಬ ಲೆಕ್ಕ ಹೀಗಿದೆ: ತಿಳಿ ನೀರಿಗೆ 2 ಗಂಟೆ, ಎದೆಹಾಲಿಗೆ 4, ಹಸುವಿನ ಹಾಲು, ಡಬ್ಬಿ ಹಾಲು, ಇಡ್ಲಿಯಂಥ ಹಗುರ ತಿಂಡಿಗೆ 6, ಕರಿದದ್ದು, ಬಾಡೂಟಕ್ಕೆ 8. ಹಾಲು ಹಾಕಿದ ಕಾಫಿ ಹಾಲಿನ ಲೆಕ್ಕಕ್ಕೇ ಬರುತ್ತದೆ, ನೀರಿನದಕ್ಕಲ್ಲ. ರಾಗಿ ಗಂಜಿ, ಮಜ್ಜಿಗೆಯೂ ಅಷ್ಟೇ. ಯಾವುದು ತಿಳಿ ಎಂಬ ಅನುಮಾನ ಬಂದರೆ ಗಾಜಿನ ಲೋಟಕ್ಕೆ ಹಾಕಿ ಹಿಂದೆ ಪೇಪರ್ ಹಿಡಿಯಿರಿ. ಅಕ್ಷರ ಓದಲು ಬಂದರೆ ತಿಳಿ. ಗಂಜಿ ಬೀಳದ ಎಳನೀರನ್ನು ಸೋಸಿ ಕೊಡಬಹುದು. ಮೂತ್ರಪಿಂಡ ಕೆಟ್ಟವರಿಗೆ ಮಾತ್ರ ಬೇಡ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಇದರ ಇನ್ನೊಂದು ತುದಿಯ ತಪ್ಪು ನಮ್ಮದೇ. ‘ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ’ ಅಂತ ಆ ದಿನದ ಆಪರೇಷನ್ ಲಿಸ್ಟಿನಲ್ಲಿರುವ ಎಲ್ಲರಿಗೂ ಒಂದೇ ಮಾತು ಹೇಳಿಬಿಡುತ್ತೇವೆ. ಮೊದಲ ಕೇಸಿಗೆ ಅದು ಸರಿ. ನಾಲ್ಕನೇ ಕೇಸು ಮಧ್ಯಾಹ್ನ ಎರಡಕ್ಕೆ ಓಟಿಗೆ (ಆಪರೇಷನ್ ಥಿಯೇಟರಿಗೆ) ಹೋದರೆ ಹದಿನಾಲ್ಕು ಗಂಟೆ ಬಾಯಾರಿರುತ್ತಾರೆ. ಒಣಗಿದ ದೇಹಕ್ಕೆ ಬೆನ್ನಿನ ಇಂಜೆಕ್ಷನ್ ಕೊಟ್ಟಾಗ ಬಿಪಿ ಧಸಕ್ಕಂತ ಇಳಿಯುತ್ತದೆ. ಲಿಸ್ಟಿನ ಕೊನೆಯವರಿಗೆ ಬೆಳಿಗ್ಗೆ ನೀರು ಕೊಡಬಹುದಾ ಅಂತ ಅರಿವಳಿಕೆ ಡಾಕ್ಟರನ್ನು ಒಂದು ಮಾತು ಕೇಳುವುದು ದೊಡ್ಡ ಕೆಲಸವೇನಲ್ಲ. ಕರುಳು ಕಟ್ಟಿಕೊಂಡವರು, ಹೆರಿಗೆ ನೋವು ಶುರುವಾದವರು, ಹಳೇ ಸಕ್ಕರೆ ಕಾಯಿಲೆಯವರಿಗೆ ಮಾತ್ರ ಈ ಗಂಟೆಗಳ ಲೆಕ್ಕ ನಡೆಯುವುದಿಲ್ಲ. ಅವರ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ.

ಮಾತ್ರೆಗಳ ವಿಷಯದಲ್ಲೂ ಪ್ರಶ್ನೆಯೇ ಮುಖ್ಯ. ‘ಶುಗರ್ ಇದೆಯಾ?’ ‘ಇಲ್ಲ, ಈಗ ನಾರ್ಮಲ್ಲು.’ ದಿನಕ್ಕೆ ಎರಡು ಮಾತ್ರೆ ನುಂಗಿ ನಾರ್ಮಲ್ಲಾಗಿದೆ ಎಂಬುದು ಆ ಉತ್ತರದ ಒಳಗೆ ಅಡಗಿರುತ್ತದೆ. ‘ಹಾರ್ಟ್ ತೊಂದರೆ?’ ‘ಇಲ್ಲ, ಸ್ಟೆಂಟ್ ಹಾಕಿ ಸರಿ ಮಾಡವ್ರೆ.’ ಬಾಯಿಮಾತು ಬಿಟ್ಟು ಮನೆಯಲ್ಲಿರುವ ಮಾತ್ರೆ ಕವರನ್ನೇ ತರಿಸಿ, ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮತ್ತು ಕೊಲೆಸ್ಟರಾಲ್ ಮದ್ದು ಮೂರೂ ಒಂದೇ ಕ್ಯಾಪ್ಸೂಲಿನಲ್ಲಿ ಬರುತ್ತವೆ; ರೋಗಿ ಅದನ್ನು ಕೊಲೆಸ್ಟರಾಲ್ ಮಾತ್ರೆ ಅಂತಲೇ ತಿಳಿದಿರುತ್ತಾರೆ. ಕ್ಲೋಪಿಡೋಗ್ರೆಲ್ ನಿಲ್ಲಿಸುವುದಾದರೆ 5ರಿಂದ 7 ದಿನ ಮೊದಲು, ಹೆಪ್ಪು ತಡೆಯುವ ಇನ್ನೊಂದು ಮಾತ್ರೆ ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮೊದಲು. ಆದರೆ ಸ್ಟೆಂಟ್ ಇದ್ದವರದ್ದನ್ನು ಹೃದಯದ ಡಾಕ್ಟರ್ ಬರೆದುಕೊಡದೆ ನಿಲ್ಲಿಸಲೇಬಾರದು, ಸ್ಟೆಂಟೇ ಕಟ್ಟಿಕೊಳ್ಳಬಹುದು.

ಅಟೆನಲಾಲ್, ಮೆಟೋಪ್ರೊಲಾಲ್ ಥರದ ಬಿಪಿ, ಹೃದಯದ ಮಾತ್ರೆಗಳು ಮತ್ತು ಥೈರಾಯ್ಡ್ ಮಾತ್ರೆ ಆಪರೇಷನ್ ದಿನವೂ ಒಂದು ಗುಟುಕು ನೀರಲ್ಲಿ ಒಳಗೆ ಹೋಗಬೇಕು. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಜಾತಿಯ ಬಿಪಿ ಮಾತ್ರೆಗಳನ್ನು ಸಾಮಾನ್ಯವಾಗಿ 24 ಗಂಟೆ ಮೊದಲೇ ತಡೆಹಿಡಿಯುತ್ತಾರೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆ ಆ ದಿನ ಬೇಡ. ಸಕ್ಕರೆಗೇ ಕೊಡುವ ಡಪಾಗ್ಲಿಫ್ಲೋಜಿನ್ ಅನ್ನು ಮಾತ್ರ 3 ದಿನ ಮೊದಲೇ ನಿಲ್ಲಿಸಬೇಕು. ಅದರ ಅಪಾಯ ಏನೆಂದರೆ ಗ್ಲೂಕೋಮೀಟರಿನಲ್ಲಿ ಸಕ್ಕರೆ ಸರಿಯಾಗೇ ತೋರಿಸುತ್ತಿದ್ದರೂ ರಕ್ತದಲ್ಲಿ ಕೀಟೋನ್ ಏರಿ ಆಮ್ಲ ತುಂಬಿಕೊಳ್ಳುತ್ತದೆ, ಯಾರಿಗೂ ಬೇಗ ಗೊತ್ತಾಗುವುದಿಲ್ಲ. ಇನ್ಸುಲಿನ್ ಪ್ರಮಾಣವನ್ನು ವಾರ್ಡಿನಲ್ಲಿ ನಾವೇ ಅಂದಾಜು ಮಾಡಬಾರದು, ಡಾಕ್ಟರ್ ಕೇಸ್ ಶೀಟಿನಲ್ಲಿ ಬರೆದಷ್ಟೇ.

ಹಿಂದಿನ ದಿನ ಮಾಡಬಹುದಾದ ಅರ್ಧ ನಿಮಿಷದ ಪರೀಕ್ಷೆಯೊಂದಿದೆ. ಬಾಯಿ ಅಗಲಿಸಿ, ಅವರದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ತೂರಿಸಲು ಹೇಳಿ. ಗುಟ್ಕಾ, ಅಡಿಕೆ ವರ್ಷಗಟ್ಟಲೆ ಜಗಿದವರಿಗೆ ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಒಂದೂವರೆ ಬೆರಳೂ ಹೋಗುವುದಿಲ್ಲ. ಅಂಥ ಬಾಯಲ್ಲಿ ಉಸಿರಿನ ಕೊಳವೆ ಇಳಿಸುವುದು ಕಷ್ಟ. ಸಂಜೆಯೇ ಗೊತ್ತಾದರೆ ಬೇರೆ ಉಪಕರಣ ಸಿದ್ಧ ಮಾಡಿಕೊಳ್ಳುತ್ತಾರೆ, ಟೇಬಲ್ ಮೇಲೆ ಗೊತ್ತಾದರೆ ಎಲ್ಲರ ಬೆವರಿಳಿಯುತ್ತದೆ.

‘ಒಡವೆ ತೆಗೆದ್ರಾ?’ ಎಂಬುದೂ ಊಟದ ಪ್ರಶ್ನೆಯ ಥರದ್ದೇ. ಓಲೆ, ಸರ ತೆಗೆದಿರುತ್ತಾರೆ. ತಾಳಿ, ಕಾಲುಂಗುರ, ಉಡಿದಾರ, ತಾಯಿತ ಅವರ ಪ್ರಕಾರ ಒಡವೆಯಲ್ಲ. ರಕ್ತ ನಿಲ್ಲಿಸಲು ಸುಡುವ ಡಯಾಥರ್ಮಿ ಯಂತ್ರದ ವಿದ್ಯುತ್ತು ಲೋಹ ಸಿಕ್ಕಲ್ಲಿ ದಾರಿ ತಪ್ಪಿ ಚರ್ಮ ಸುಡಬಹುದು. ಕೈ ಊದಿಕೊಂಡರೆ ಉಂಗುರ ಬೆರಳಿನ ರಕ್ತವನ್ನೇ ಬಿಗಿಯುತ್ತದೆ. ತಾಳಿ ಬಿಚ್ಚಲು ಒಪ್ಪದವರ ಹತ್ತಿರ ವಾದ ಬೇಡ. ಅರಿಸಿನದ ದಾರಕ್ಕೆ ಕೊಂಬು ಕಟ್ಟಿ ಹಾಕಿಕೊಳ್ಳಿ ಅಂದರೆ ಹೆಚ್ಚಿನವರಿಗೆ ಸಮಾಧಾನ. ಕುತ್ತಿಗೆ, ಎದೆಯ ಆಪರೇಷನ್ನಾದರೆ ಅದನ್ನೂ ಮಣಿಕಟ್ಟಿಗೆ ಕಟ್ಟಬೇಕಾಗುತ್ತದೆ. ಕಾಲುಂಗುರ ಬಾರದಿದ್ದರೆ ಮೊದಲು ಸೋಪು ನೀರು. ಅದಕ್ಕೂ ಜಗ್ಗದಿದ್ದರೆ ನುಣುಪು ದಾರದ ಒಂದು ತುದಿಯನ್ನು ಉಂಗುರದಡಿ ಪಾದದ ಕಡೆಗೆ ತೂರಿಸಿ, ಉಳಿದದ್ದನ್ನು ಉಂಗುರದಿಂದ ಉಗುರಿನ ಕಡೆಗೆ ಒತ್ತೊತ್ತಾಗಿ ಗಿಣ್ಣು ದಾಟುವವರೆಗೆ ಸುತ್ತಿ. ಈಗ ಪಾದದ ಕಡೆಯ ತುದಿ ಹಿಡಿದು ಸುತ್ತು ಬಿಚ್ಚುತ್ತಾ ಬಂದರೆ ಉಂಗುರ ದಾರದ ಮೇಲೆ ಜಾರುತ್ತಾ ಹೊರಬರುತ್ತದೆ. ತೆಗೆದದ್ದನ್ನೆಲ್ಲ ಮನೆಯವರ ಕೈಗೆ ಎಣಿಸಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಬಣ್ಣದ ಉಗುರು, ಗಾಢ ಮೆಹಂದಿ ಇದ್ದರೆ ಆಮ್ಲಜನಕ ಅಳೆಯುವ ಕ್ಲಿಪ್ಪು ತಪ್ಪು ಓದಬಹುದು. ಕನಿಷ್ಠ ಎರಡು ಬೆರಳಿನ ಬಣ್ಣವನ್ನಾದರೂ ಒರೆಸಿ.

ಹಿಂದಿನ ರಾತ್ರಿ ಊರಲ್ಲೇ ಬ್ಲೇಡಿನಿಂದ ನುಣ್ಣಗೆ ಬೋಳಿಸಿಕೊಂಡು, ಕೆಲಸ ಹಗುರ ಮಾಡಿದೆವು ಅಂತ ಬರುವವರಿದ್ದಾರೆ. ಅದು ಬೇಡ ಅಂತ ಅಡ್ಮಿಷನ್ ದಿನವೇ ಹೇಳಬೇಕು. ಬ್ಲೇಡು ಕಣ್ಣಿಗೆ ಕಾಣದ ಗೀರು ಮಾಡುತ್ತದೆ, ರಾತ್ರಿಯಿಡೀ ಅಲ್ಲಿ ಕೀಟಾಣು ಬೆಳೆಯುತ್ತದೆ. ಕೂದಲು ಅಡ್ಡ ಬರುವಂತಿದ್ದರೆ ಮಾತ್ರ, ಆಪರೇಷನ್ನಿಗೆ ಸ್ವಲ್ಪ ಮೊದಲು, ಕ್ಲಿಪ್ಪರಿನಲ್ಲಿ ಕತ್ತರಿಸಿದರೆ ಸಾಕು. ಸೋಪು ಹಾಕಿ ಸ್ನಾನ ಹಿಂದಿನ ರಾತ್ರಿಯೋ ಆ ಬೆಳಿಗ್ಗೆಯೋ ಆಗಬೇಕು. ಲ್ಯಾಪರೊಸ್ಕೋಪಿಯವರ (ಸಣ್ಣ ತೂತಿನಿಂದ ಆಪರೇಷನ್ ಆಗುವವರ) ಹೊಕ್ಕುಳನ್ನು ಯಾರೂ ನೋಡುವುದಿಲ್ಲ, ಆದರೆ ತೂತು ಮಾಡುವುದು ಅಲ್ಲೇ. ವರ್ಷಗಳ ಕೊಳೆ ಕಲ್ಲಿನಂತೆ ಕೂತಿರುತ್ತದೆ. ಸಂಜೆ ಕೊಬ್ಬರಿ ಎಣ್ಣೆ ಅದ್ದಿದ ಹತ್ತಿ ಇಟ್ಟು ನೆನೆಸಿ, ಆಮೇಲೆ ಮೆತ್ತಗೆ ಒರೆಸಿ, ಸೋಪಿನಲ್ಲಿ ಎಣ್ಣೆಯಂಶ ಹೋಗುವಂತೆ ತೊಳೆಸಿ.

ಆಂಟಿಬಯೋಟಿಕ್ಕನ್ನು ಬೆಳಿಗ್ಗೆ ಆರಕ್ಕೇ ವಾರ್ಡಿನಲ್ಲಿ ಕೊಟ್ಟು ಟಿಕ್ ಹಾಕುವ ಅಭ್ಯಾಸ ಕೆಟ್ಟದ್ದು. ಸೆಫಜೋಲಿನ್ ದೊಡ್ಡವರಿಗೆ 2 ಗ್ರಾಂ, ಚರ್ಮ ಕುಯ್ಯುವ ಮೊದಲಿನ 60 ನಿಮಿಷದೊಳಗೆ ಹೋಗಬೇಕು. ಆರಕ್ಕೆ ಕೊಟ್ಟದ್ದು ಹನ್ನೊಂದರ ಕೇಸಿಗೆ ರಕ್ತದಲ್ಲಿ ಸಾಕಷ್ಟು ಉಳಿದಿರುವುದಿಲ್ಲ. ಮದ್ದಿನ ವಯಲ್ ಅನ್ನು ಫೈಲ್ ಜೊತೆ ಓಟಿಗೆ ಕಳಿಸಿ. ರಕ್ತನಾಳಕ್ಕೆ ಹಾಕುವ ಡ್ರಿಪ್ ಕೊಳವೆ, ಅಂದರೆ ಕ್ಯಾನುಲಾ, ಆಪರೇಷನ್ ಆಗದ ಕಡೆಯ ಕೈಗೆ; ರಕ್ತ ಹೋಗುವ ಕೇಸಾದರೆ ಕನಿಷ್ಠ 18ರ ಅಳತೆಯ ಹಸಿರು. ಅದಕ್ಕಿಂತ ಸಣ್ಣ ತೂತಿನ ನೀಲಿ 22ರಲ್ಲಿ ರಕ್ತ ಬೇಗ ಏರಿಸಲಾಗುವುದಿಲ್ಲ.

ಒಪ್ಪಿಗೆ ಪತ್ರದ ಸಹಿಯ ವಿಷಯ ಚಿಕ್ಕದು, ಆದರೆ ಕೋರ್ಟಿಗೆ ಹೋಗುವುದು ಅದೇ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದ್ದು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆಯಲ್ಲ, ಜೀವಕ್ಕೆ ತುರ್ತಿಲ್ಲದಿದ್ದಾಗ, ಮತ್ತಿನಲ್ಲಿರುವ ವಯಸ್ಕ ರೋಗಿಯ ಪರವಾಗಿ ತಾಯಿ ಹಾಕಿದ ಒಪ್ಪಿಗೆಯೂ ನಿಲ್ಲದು. ಗಂಡನ ಸಹಿ ಇದೆಯಲ್ಲ ಅಂತ ಹೆಂಡತಿಯ ಸಹಿ ಬಿಡಬೇಡಿ. ಕನ್ನಡದ ಫಾರಂ, ಕನ್ನಡದ ವಿವರಣೆ, ಹೆಬ್ಬೆಟ್ಟಾದರೆ ಪಕ್ಕದಲ್ಲಿ ಸಾಕ್ಷಿ.

ಇನ್ನು ಹೆಸರು. ಒಂದೇ ವಾರ್ಡಿನಲ್ಲಿ ಮೂವರು ಜಯಮ್ಮ ಇರುವುದು ನಮ್ಮ ಕಡೆ ಮಾಮೂಲು. ‘ನೀವು ಜಯಮ್ಮಾನಾ?’ ಅಂದರೆ ಕಿವಿ ಮಂದವಾದ, ಹೆದರಿದ ಅಜ್ಜಿ ಯಾವುದಕ್ಕೂ ‘ಹೂಂ’ ಅನ್ನುತ್ತಾರೆ. ‘ನಿಮ್ಮ ಹೆಸರು ಹೇಳಿ ಅಜ್ಜಿ, ಯಾವೂರು?’ ಅಂತ ಕೇಳಿ ಕೈಪಟ್ಟಿಯ ಐಪಿ (ಒಳರೋಗಿ) ನಂಬರಿಗೆ ತಾಳೆ ನೋಡಿ. ಆಧಾರ್‌ನಲ್ಲಿ ಜಯಲಕ್ಷ್ಮಮ್ಮ ಅಂತಲೂ ಇರಬಹುದು. ಕಾಲಿನ ಆಪರೇಷನ್ನಾದರೆ ಯಾವ ಕಾಲು ಅಂತ ಬಾಯಲ್ಲಿ ಹೇಳಿಸದೆ ಕೈಯಿಟ್ಟು ತೋರಿಸಲು ಹೇಳಿ. ಸರ್ಜನ್ ಅಲ್ಲಿಗೇ ಅಳಿಸದ ಮಾರ್ಕರಿನಲ್ಲಿ ಬಾಣದ ಗುರುತು ಹಾಕಬೇಕು, ರೋಗಿ ಎಚ್ಚರವಿರುವಾಗಲೇ. ಇಂಟು ಗುರುತು ಬೇಡ; ‘ಇದಲ್ಲ’ ಅಂತಲೂ ಓದಿಕೊಳ್ಳಬಹುದು.

ಟ್ರಾಲಿ ಹತ್ತಿಸುವ ಮುಂಚೆ ಮೂತ್ರಕ್ಕೆ ಕಳಿಸಿ. ಕಟ್ಟಿಸಿದ ಹಲ್ಲು, ಕನ್ನಡಕ, ಕಿವಿಯ ಯಂತ್ರವನ್ನು ಮಾತ್ರ ವಾರ್ಡಿನಲ್ಲೇ ಕಿತ್ತಿಡುವ ಅವಸರ ಬೇಡ. ಓಟಿಯೊಳಗೆ ಮತ್ತು ಕೊಡುವ ಮೊದಲು ಹೆಸರು, ಜಾಗ, ಅಲರ್ಜಿ ಇನ್ನೊಮ್ಮೆ ಕೇಳುತ್ತಾರೆ. ಅದಕ್ಕೆ ಉತ್ತರ ಕೊಟ್ಟ ಮೇಲೆ ತೆಗೆದು, ಐಪಿ ನಂಬರ್ ಬರೆದ ಡಬ್ಬಿಗೆ ಹಾಕಿದರಾಯಿತು.