ಏರ್‌ಪೋರ್ಟ್ ರಸ್ತೆಯ ಬೋರ್ಡು

ಇಂಗ್ಲೆಂಡಿನ ಲಿಂಕನ್ ನಗರದಿಂದ ವುಡ್‌ಹಾಲ್ ಸ್ಪಾ ಅನ್ನೋ ಊರಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಭಾನುವಾರ ಹೋಗಬೇಡಿ. ಫೋನ್ ತೋರಿಸಿದ ಬಸ್ಸನ್ನು ನಂಬಿ ಚಳಿಯಲ್ಲಿ ಒಂದೂವರೆ ಗಂಟೆ ನಿಂತೆ. ಬಸ್ಸು ಬರಲೇ ಇಲ್ಲ. ಆ ಊರಿಗೆ ರೈಲೂ ಇಲ್ಲ. ಟ್ಯಾಕ್ಸಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೋಗಿದ್ದು ಪೆಟ್‌ವುಡ್ ಹೋಟೆಲ್ ನೋಡಲು. 1944ರಲ್ಲಿ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ನಿನ ಅಧಿಕಾರಿಗಳ ಮೆಸ್ ಇಲ್ಲಿತ್ತು. ಜರ್ಮನಿಯ ಅಣೆಕಟ್ಟು ಒಡೆದ ಪಡೆ ಅಂತ ಜನ ಮುಗಿಬೀಳುತ್ತಾರೆ. ನನಗೆ ಬೇಕಿದ್ದವರು ಆಮೇಲೆ ಅದನ್ನು ಮುನ್ನಡೆಸಿದ ಲಿಯೊನಾರ್ಡ್ ಚೆಷೈರ್. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ 'ಚೆಷೈರ್ ಹೋಂ' ಅನ್ನೋ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೆನೋ. ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ.

ಸ್ಯಾಂಡ್‌ವಿಚ್ ಸಪ್ಪೆ. ಟೀ ಪರವಾಗಿಲ್ಲ. ಬಾರಿನ ಗೋಡೆ ತುಂಬ ಪೈಲಟ್‌ಗಳ ಫೋಟೊ. ಪಕ್ಕದ ಮೇಜಿನ ಅಜ್ಜ ತಾವಾಗಿಯೇ ಮಾತಿಗೆ ಬಂದರು.

"ಅವರಿಗೆ ವಿಕ್ಟೋರಿಯಾ ಕ್ರಾಸ್ ಯಾವ ದಾಳಿಗೆ ಸಿಕ್ಕಿತು, ಗೊತ್ತಾ?"

"ಇಲ್ಲ." ಅದು ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ಅನ್ನುವುದಷ್ಟೇ ನನಗೆ ಗೊತ್ತಿತ್ತು.

"ಒಂದೇ ದಾಳಿಗಲ್ಲ. ನಾಲ್ಕು ವರ್ಷ, ನೂರು ಹಾರಾಟ. ಎಲ್ಲಾ ಸೇರಿಸಿ ಕೊಟ್ಟರು."

ಆಮೇಲೆ ನನ್ನ ಟೀಪಾಟನ್ನು ಮೇಜಿನ ನಡುವೆ ಎಳೆದುಕೊಂಡರು. ಅದು ಫ್ರಾನ್ಸಿನ ಲಿಮೋಜ್‌ನ ಎಂಜಿನ್ ಫ್ಯಾಕ್ಟರಿಯಂತೆ. 1944ರ ಫೆಬ್ರವರಿ. ಕೆಲಸ ನಡೆಯುತ್ತಿದ್ದುದು ಜರ್ಮನ್ನರಿಗಾಗಿ, ರಾತ್ರಿ ಪಾಳಿಯಲ್ಲಿದ್ದವರು ಫ್ರೆಂಚ್ ಹೆಂಗಸರು. ಅಜ್ಜನ ಅಂಗೈ ಚೆಷೈರ್ ಅವರ ವಿಮಾನವಾಗಿ ಟೀಪಾಟಿನ ಮೂತಿಗೆ ತಾಗುವಷ್ಟು ಕೆಳಗೆ ಮೂರು ಸಲ ಹಾದುಹೋಯಿತು. "ಓಡಿ ಹೋಗಲಿ ಅಂತ. ಅವರು ಓಡಿದ ಮೇಲೆಯೇ ಬಾಂಬು." ಲ್ಯಾಂಕಾಸ್ಟರ್‌ನಂಥ ದೈತ್ಯ ವಿಮಾನವನ್ನು ಅಷ್ಟು ಕೆಳಗೆ ತರುವುದೆಂದರೆ ತಮಾಷೆಯಲ್ಲ ಅಲ್ವಾ?

ಮುಂದಿನದನ್ನು ಅಜ್ಜ ಸರಸರ ಹೇಳಿದರು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಎದ್ದ ಮೋಡವನ್ನು ಚೆಷೈರ್ ಇನ್ನೊಂದು ವಿಮಾನದಿಂದ ನೋಡಿದರು, ಬ್ರಿಟನ್ನಿನ ವೀಕ್ಷಕರಾಗಿ. ಆಗ ವಯಸ್ಸು 27. ಸೇನೆ ಬಿಟ್ಟು ಏನೇನೋ ಮಾಡಲು ಹೋಗಿ ಸಾಲ ಮಾಡಿಕೊಂಡರು. 1948ರಲ್ಲಿ ಆರ್ಥರ್ ಡೈಕ್ಸ್ ಎಂಬ ಕ್ಯಾನ್ಸರ್ ರೋಗಿಗೆ ಎಲ್ಲೂ ಜಾಗ ಸಿಗದಿದ್ದಾಗ ಹ್ಯಾಂಪ್‌ಷೈರ್‌ನ ತಮ್ಮ ಮನೆಗೇ ಕರೆತಂದರು. ಅಡುಗೆ, ಆರೈಕೆ ಎಲ್ಲಾ ಅವರದ್ದೇ. ಅಂಗವಿಕಲರನ್ನು ನೋಡಿಕೊಳ್ಳುವ ಚೆಷೈರ್ ಹೋಂಗಳು ಶುರುವಾಗಿದ್ದು ಹೀಗೆ. 1959ರಲ್ಲಿ ಸಮಾಜಸೇವಕಿ ಸೂ ರೈಡರ್ ಅವರನ್ನು ಮದುವೆಯಾಗಿದ್ದು ನಮ್ಮ ಮುಂಬೈಯಲ್ಲಿ!

"ನಿಮ್ಮೂರಿನ ಹೋಂ ಒಳಗೆ ಹೇಗಿದೆ?" ಅಂತ ಅಜ್ಜ ಕೇಳಿದರು.

ಗೇಟಿನ ಬಣ್ಣವೂ ನನಗೆ ನೆನಪಿರಲಿಲ್ಲ. ಹಾಗೇ ಹೇಳಿದೆ.

ಸಂಜೆ ಅಜ್ಜನೇ ಕಾರಿನಲ್ಲಿ ಲಿಂಕನ್‌ವರೆಗೆ ಬಿಟ್ಟರು. ದಾರಿಯುದ್ದಕ್ಕೂ ಬಸ್ಸಿನವರನ್ನು ನನಗಿಂತ ಜಾಸ್ತಿ ಬೈದರು.