24 ಫ್ರೇಮಿನ ಸಿನಿಮಾ, 60 ಹರ್ಟ್ಸ್ ಪರದೆ: ಕೆಲಸ ಎಲ್ಲಿಗೆ ಬಂತು

ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಕಟ್ಟಡಗಳ ಅಂಚು ತಡವರಿಸಿದಂತೆ ಕಾಣುವುದು ನನ್ನ ಕಣ್ಣಿನ ದೋಷವೆಂದು ಮನೆಯವರ ವಾದವಾಗಿತ್ತು. ಈಗ ಫೋಟೊ ಸಾಕ್ಷಿ ಸಿಕ್ಕಿದೆ.

ಸಿನಿಮಾ ಸೆಕೆಂಡಿಗೆ 24 ಫ್ರೇಮು, ಹಳೆಯ ಟಿವಿಯ ಪರದೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ತೋರಿಸುತ್ತದೆ. ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬರುವುದಿಲ್ಲವಾದ್ದರಿಂದ ಒಂದು ಫ್ರೇಮು ಮೂರು ಸಲ, ಮುಂದಿನದು ಎರಡು ಸಲ. ಒಂದು 50 ಮಿಲಿಸೆಕೆಂಡ್ ನಿಂತರೆ ಇನ್ನೊಂದು 33. ಮಾತುಕತೆಯ ದೃಶ್ಯದಲ್ಲಿ ಇದು ಗೊತ್ತೇ ಆಗುವುದಿಲ್ಲ, ಪ್ಯಾನ್ ಶಾಟ್ ಬಂದ ಕೂಡಲೇ ಬಣ್ಣ ಬಯಲು.

ಪರೀಕ್ಷೆಗೆ ವಿಡಿಯೊ ತಯಾರಿಸುವ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಪುಟ್ಟ ವಿಡಿಯೊ ಮಾಡಿಕೊಂಡೆ: ಕಪ್ಪು ಹಿನ್ನೆಲೆಯಲ್ಲಿ 24 ಚೌಕಗಳು, ಪ್ರತಿ ಫ್ರೇಮಿಗೆ ಒಂದೊಂದೇ ಬೆಳಗುತ್ತದೆ. ಕೋಣೆ ಕತ್ತಲಾಗಿಸಿ, ಮೊಬೈಲ್ ಅನ್ನು ಸ್ಟ್ಯಾಂಡಿಗೆ ಕೂರಿಸಿ, ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೆ ಹನ್ನೆರಡರಷ್ಟು ಚೌಕಗಳು ಒಂದೇ ಚಿತ್ರದಲ್ಲಿ ಸಿಗುತ್ತವೆ. ಹಳೆಯ ಟಿವಿಯಲ್ಲಿ ಒಂದು ಪ್ರಖರ, ಪಕ್ಕದ್ದು ಮಂದ, ಮತ್ತೆ ಪ್ರಖರ. ಸಿಗ್ನಲ್ 24 ಹರ್ಟ್ಸ್ ಎಂದು ಅದರ ಮಾಹಿತಿ ಪಟ್ಟಿ ಗಂಭೀರವಾಗಿ ಹೇಳುತ್ತಲೇ ಇತ್ತು. ಒಳಗೆ ಹೋದ ಮೇಲೆ ಅದನ್ನು 60ಕ್ಕೆ ಹಿಗ್ಗಿಸುತ್ತಿತ್ತು. ಹೊಸ 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮಿಗೂ ಐದೈದು ಸಲ, ಚೌಕಗಳೆಲ್ಲ ಸಮ.

ಆ ಹೊಸ ಪರದೆಯಲ್ಲೂ ಮೊದಲು ಮಾಡಿದ ಕೆಲಸ ಚಲನೆಯನ್ನು ನುಣುಪಾಗಿಸುವ ಆಯ್ಕೆಯನ್ನು ಬಂದ್ ಮಾಡಿದ್ದು. ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಸಿನಿಮಾವನ್ನು ಧಾರಾವಾಹಿಯಂತೆ ಮಾಡುವ ಆ ಸೌಕರ್ಯವನ್ನು ಕಾರ್ಖಾನೆಯಿಂದಲೇ ಚಾಲೂ ಮಾಡಿ ಕಳಿಸುವುದೇಕೋ.

ಉಳಿದದ್ದು ಕೂದಲೆಳೆಯ ವ್ಯತ್ಯಾಸ. ಬಹುತೇಕ ಬ್ಲೂ-ರೇ ಸಿನಿಮಾಗಳ ನಿಜವಾದ ವೇಗ 24 ಅಲ್ಲ, 23.976. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಗಾಗಿ 60 ಅನ್ನು 59.94ಕ್ಕೆ ಇಳಿಸಿದ್ದರ ಬಾಲ ಇದು. ಪರದೆ ಸರಿಯಾಗಿ 24ರಲ್ಲಿ ಓಡಿದರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮು ಎರಡು ಸಲ ಬಂದು ಚಿತ್ರ ಸಣ್ಣಗೆ ಎಡವುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿರುವ ಕೋಡಿ ಎಂಬ ವಿಡಿಯೊ ಪ್ಲೇಯರಿನಲ್ಲಿ ವಿಡಿಯೊಗೆ ತಕ್ಕಂತೆ ಪರದೆಯ ರಿಫ್ರೆಶ್ ದರ ಬದಲಾಗುವ ಆಯ್ಕೆ ಹಾಕಿ, ಅನುಮತಿ ಪಟ್ಟಿಯಲ್ಲಿ 23.976 ಮತ್ತು 24 ಎರಡನ್ನೂ ಬೇರೆ ಬೇರೆಯಾಗಿ ಗುರುತು ಮಾಡಿದ್ದೇನೆ. ದರ ಬದಲಾಗುವಾಗ ಪರದೆ ಕ್ಷಣಕಾಲ ಕಪ್ಪಾಗುತ್ತದೆ, ಅಷ್ಟೇ ಬೆಲೆ.

ಮುಂದಿನ ಸರದಿ ಹಳೆಯ ಪಾಲ್ (ಸೆಕೆಂಡಿಗೆ 25 ಫ್ರೇಮಿನ ಟಿವಿ ಪದ್ಧತಿ) ಡಿವಿಡಿಗಳದ್ದು. ಅವುಗಳಲ್ಲಿ 24 ಫ್ರೇಮಿನ ಸಿನಿಮಾವನ್ನು 25ಕ್ಕೆ ಓಡಿಸಿದ್ದಾರೆ: 150 ನಿಮಿಷದ ಚಿತ್ರ 144ಕ್ಕೇ ಮುಗಿಯುತ್ತದೆ, ಹಾಡುಗಳ ಶ್ರುತಿಯೂ ಅರ್ಧ ಸ್ವರದ ಸುಮಾರು ಮುಕ್ಕಾಲು ಪಾಲಿನಷ್ಟು ಏರಿರುತ್ತದೆ. ಧ್ವನಿಯನ್ನು 0.96ರ ವೇಗಕ್ಕೆ ಇಳಿಸಿ ಒಂದು ಡಿಸ್ಕ್ ಹದಗೊಳಿಸುತ್ತಿದ್ದೇನೆ. ಕೆಲವು ಡಿಸ್ಕ್‌ಗಳಲ್ಲಿ ಶ್ರುತಿಯನ್ನು ಮೊದಲೇ ಸರಿಪಡಿಸಿರುತ್ತಾರಾದ್ದರಿಂದ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.